ಕಂದು ವಾಸನೆ

ಅಪ್ಪನ ಅಂಗಿಯ ತೋಳಿಗೆ ಮೂಗೊತ್ತಿದರೆ ಮೊದಲು ಬರುತ್ತಿದ್ದುದು ಸುಟ್ಟ ಸಕ್ಕರೆ. ಅದರ ಹಿಂದೆ ಬೆಣ್ಣೆ, ಬೆಣ್ಣೆಯ ಹಿಂದೆ ಬೆವರು, ಬೆವರಿನ ಹಿಂದೆ ಎಲ್ಲೋ ದೂರದಲ್ಲಿ, ಮುಚ್ಚಿದ ಬಾಗಿಲಾಚೆ ಯಾರೋ ಸುಮ್ಮನೆ ಕೂತಿರುವ ಹಾಗೆ, ಹುಳಿ ಬಂದ ಹಿಟ್ಟು. ಬೇಕರಿಯಿಂದ ಬೆಳಗಿನ ಜಾವ ಬಂದು ಅಂಗಿಯನ್ನೂ ಬಿಚ್ಚದೆ ಮಲಗಿಬಿಡುತ್ತಿದ್ದ ಅಪ್ಪನ ಪಕ್ಕ ನುಸುಳಿ ಅವಳು ಅವನ್ನೆಲ್ಲ ಒಂದೊಂದಾಗಿ ಹುಡುಕುತ್ತಿದ್ದಳು. ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಅವಳು ಈಗಲೂ ಅವನ್ನು ಅದೇ ಕ್ರಮದಲ್ಲಿ ಹೇಳಬಲ್ಲಳು. ಹೇಳಬಲ್ಲಳು, ಅಷ್ಟೆ. ಶಾಲೆಯಲ್ಲಿ ಭೂಗೋಳ ಪಾಠ ಮಾಡುವಾಗ, ತಾನು ಎಂದೂ ಕಾಲಿಡದ ದೇಶಗಳ ನದಿಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ ಹಾಗೆ. ಕಾಫಿಪುಡಿಯ ಡಬ್ಬಿಯ ಮುಚ್ಚಳ ತೆಗೆದಳು. ಟಪ್ ಎಂದು ಸದ್ದು ಬಂತು, ಇನ್ನೇನೂ ಬರಲಿಲ್ಲ. ಸೋಪನ್ನು ಮೂಸಿದಳು. ಬೆಂಕಿಕಡ್ಡಿ ಗೀರಿ, ಆರಿಸಿ, ಹೊಗೆಗೆ ಮುಖವೊಡ್ಡಿದಳು, ಕಣ್ಣು ಉರಿಯಿತು. ಮಳೆಗಾಲದ ಕೊನೆಯಲ್ಲಿ ಬಂದ ಜ್ವರ ಬೇಗನೆ ಇಳಿದಿತ್ತು. ಇಳಿಯುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ದಿನವೂ ಎದ್ದ ಕೂಡಲೇ ಈ ಪರೀಕ್ಷೆ, ದಿನವೂ ಅದೇ ಸೊನ್ನೆ. ಯಾರಿಗೂ ಹೇಳಿರಲಿಲ್ಲ. ಹಾಡುವವಳು ಗಂಟಲು ಹೋಯಿತೆಂದರೆ ಜನ ಅಯ್ಯೋ ಅನ್ನುತ್ತಾರೆ; ಅಜ್ಜಿಯೊಬ್ಬಳು ಮೂಗು ಹೋಯಿತೆಂದರೆ, ಮುಖದ ಮೇಲೆ ಇದೆಯಲ್ಲ ಎಂದು ನಗುತ್ತಾರೆ. ನಗದಿದ್ದರೂ ಮಗ ಮೊದಲು ಮಾಡುವ ಕೆಲಸ ಗ್ಯಾಸ್ ಕೊಂಡಿಯನ್ನು ಕಳಚುವುದು. ಅಮ್ಮ, ನಿನಗೆ ಗ್ಯಾಸ್ ಸೋರಿದರೂ ತಿಳಿಯಲ್ಲ, ಊಟ ಮೇಲಿಂದಲೇ ಕಳಿಸ್ತೀವಿ ಅನ್ನುತ್ತಾನೆ. ಮೇಲಿಂದ. ಮೇಲೆ ಈಗ ಯಾರಿದ್ದಾರೆ ಎಂಬುದು ನೆನಪಾಗಿ ಅವಳು ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮೊಮ್ಮಗ. ಕೈ ಹಿಂದೆ ಕಟ್ಟಿಕೊಂಡು ನಡೆಯುವುದರಿಂದ, ನಿವೃತ್ತ ನ್ಯಾಯಾಧೀಶನ ಹಾಗೆ ಪ್ರಶ್ನೆ ಕೇಳುವುದರಿಂದ ಮನೆಯಲ್ಲಿ ಅವನಿಗೆ ಮುದುಕಪ್ಪ ಎಂದೇ ಹೆಸರು.

"ಒಲೆ ಅಜ್ಜೀ, ಚಳಿ ಬಂತು!"

"ಯಾರು ಹೇಳಿದ್ದು?"

"ಹಲ್ಲಜ್ಜಿ. ಕಿಟಕಿ ತೆಗೆದು ಮೂಗು ಹೀಗೆ ಮಾಡಿ, ಇವತ್ತು ಚಳಿ ವಾಸನೆ ಬರ್ತಿದೆ ಅಲ್ವೇನೋ ಅಂದ್ರು. ಹೋಗಿ ನಿಮ್ಮ ಒಲೆ ಅಜ್ಜಿಗೆ ಹೇಳಿ ಬಾ ಅಂದ್ರು."

ಈ ಮನೆಯ ಹಬ್ಬಗಳು ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಮೊದಲ ಮಳೆ, ಉದ್ದ ಹಗಲು, ಎಲೆ ಉದುರು, ಮೊದಲ ಚಳಿ. ಎಲ್ಲವೂ ಅವಳೇ ಮಾಡಿದವು. ಮೊಮ್ಮಗನಿಗೆ ಋತುಗಳನ್ನು ಕಲಿಸಲು ಹೊರಟು, ಪುಸ್ತಕದ ಚಿತ್ರಕ್ಕಿಂತ ಬನ್ನು ಮೇಲೆಂದು ಒಲೆ ಹಚ್ಚಿದ್ದು, ಅದೇ ಹಬ್ಬವಾಯಿತು. ಹಬ್ಬ ಯಾವತ್ತು ಎಂದು ಹೇಳುವ ಅಧಿಕಾರ ಅವಳ ಮೂಗಿಗೆ ಮಾತ್ರ ಇತ್ತು. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದು ನಿಂತು, ಗಾಳಿಯಲ್ಲಿ ಕಬ್ಬಿಣದ ಗೇಟಿನ ವಾಸನೆ ಸಿಕ್ಕ ದಿನ ಮೇಲಕ್ಕೆ ಕೂಗುತ್ತಿದ್ದಳು, "ಬಂತು!" ಎಂದು. ಮೊಮ್ಮಗನೂ ಅವನ ತಂಗಿಯೂ ಶಾಲೆಯ ಅರ್ಧ ತಯಾರಿಯಲ್ಲೇ ಕುಣಿಯುತ್ತಿದ್ದರು. ಈ ಸಲ ಬಂದದ್ದು ಮೇಲೆ ಬಂದಿದೆ. ಕೆಳಗಿನವಳಿಗೆ ಸುದ್ದಿ ಕಳಿಸಲಾಗಿದೆ.

"ನನಗೆ ರಾತ್ರಿನೇ ಗೊತ್ತಾಗಿತ್ತು. ನೀವೆಲ್ಲ ಮಲಗಿದ್ರಿ" ಅಂದಳು.

"ಮತ್ತೆ ಬೆಳಿಗ್ಗೆ ಯಾಕೆ ಕೂಗಲಿಲ್ಲ?"

"ಹೋಗೋ, ಹಲ್ಲುಜ್ಜು ಮೊದಲು."

"ಉಜ್ಜಿದೀನಿ. ಹಲ್ಲಜ್ಜಿ ಮನೇಲಿರೋವಾಗ ಉಜ್ಜದೆ ಬಿಡ್ತಾರಾ?"

ಸೊಸೆಯ ತಾಯಿ ಹಲ್ಲಿನ ಡಾಕ್ಟರಾಗಿದ್ದವಳು. ಮಂಡಿಯ ಆಪರೇಷನ್ ಮಾಡಿಸಿಕೊಂಡು, ಚಳಿ ಮುಗಿಯುವವರೆಗೆ ಮಗಳ ಮನೆಯಲ್ಲಿರಲು ಎಲೆಗಳೆಲ್ಲ ಉದುರಿದ ಮೇಲೆ ಬಂದಿದ್ದಳು. ಜನ್ಮವೆಲ್ಲ ಊರ ಮಕ್ಕಳಿಗೆ ಸಿಹಿ ತಿನ್ನಬೇಡಿ ಎಂದು ಹೇಳಿದವಳು, ಈಗ ಕೆಲಸವಿಲ್ಲದೆ ಕೂತು ಸಿಹಿ ಬೇಯಿಸುವ ಚಟ ಹಚ್ಚಿಕೊಂಡಿದ್ದಳು. ಜೊತೆಗೆ ತಂದ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಕೇಕಿನ ಅಚ್ಚುಗಳೇ ಹೆಚ್ಚಿದ್ದವೆಂದು ಮಗ ನಗುತ್ತ ಹೇಳಿದ್ದ. ಅವನು ನಕ್ಕಿದ್ದು ಅವಳಿಗೆ ಸರಿ ಬಂದಿರಲಿಲ್ಲ. ಬೀಗಿತ್ತಿಯ ಒಲೆಗೊಂದು ಗಂಟೆ ಇತ್ತು. ಬೆಂದ ಕೂಡಲೇ ಅದು ಟಿಂಗ್ ಎನ್ನುತ್ತಿತ್ತು. ನಡುವಿನ ಮಹಡಿಯನ್ನು ದಾಟಿ, ಗಾಳಿಕಿಂಡಿಯ ಮೂಲಕ ಆ ಸದ್ದು ನೇರ ಅವಳ ಅಡುಗೆಮನೆಗೆ ಇಳಿಯುತ್ತಿತ್ತು. ಗಡಿಯಾರ ನೋಡಿ ಬೇಯಿಸುವವನು ಬೇಕರಿ ಇಡಬಾರದು ಎನ್ನುತ್ತಿದ್ದ ಅಪ್ಪ. ಆದರೂ ಆ ಟಿಂಗ್ ಕೇಳಿದಾಗಲೆಲ್ಲ ಮೇಲೆ ಎರಡು ಜೊತೆ ಪುಟ್ಟ ಪಾದಗಳು ಓಡುವ ಸದ್ದು ಹಿಂಬಾಲಿಸುತ್ತಿತ್ತು, ಅವಳು ತರಕಾರಿ ಹೆಚ್ಚುವ ಕೈ ನಿಲ್ಲಿಸಿ ಆ ಪಾದಗಳು ಎಲ್ಲಿ ನಿಂತವೆಂದು ಲೆಕ್ಕ ಹಾಕುತ್ತಿದ್ದಳು.

ಬೆಣ್ಣೆ, ದಾಲ್ಚಿನ್ನಿ ತರಲು ಚೀಲ ಹಿಡಿದು ಹೊರಬಿದ್ದಾಗ ನಡುವಿನ ಮಹಡಿಯ ಸಂಗೀತದ ಮೇಷ್ಟ್ರು ಮೆಟ್ಟಿಲಿಳಿದು ಬರುತ್ತಿದ್ದರು. ಕೊನೆಯ ಮೆಟ್ಟಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಏನ್ ಟೀಚರ್, ಘಮ್ಮಂತಿದೆ! ಬೆಳಿಗ್ಗೆನೇ ಒಲೆ ಹಚ್ಚಿಬಿಟ್ರಾ?"

ಅವಳ ಒಲೆ ತಣ್ಣಗಿತ್ತು. ಹಾಗಾದರೆ ಇದು ಮೇಲಿನದು. ಇಡೀ ಮೆಟ್ಟಿಲು ಬೇರೊಬ್ಬಳ ಅಡುಗೆಯಿಂದ ತುಂಬಿಹೋಗಿದೆ, ಅದರ ನಡುವೆ ತಾನು ಕಿವುಡಿ ಸಂಗೀತ ಕಚೇರಿಯಲ್ಲಿ ಕೂತ ಹಾಗೆ ನಿಂತಿದ್ದೇನೆ. ಒಂದು ಕಾಲಕ್ಕೆ ಅವಳು ಮಕ್ಕಳನ್ನು ಕರೆಯುತ್ತಲೇ ಇರಲಿಲ್ಲ. ವಾಸನೆಯನ್ನು ಮೇಲಕ್ಕೆ ಕಳಿಸುತ್ತಿದ್ದಳು, ಅದು ಮೆಟ್ಟಿಲು ಹತ್ತಿ ಹೋಗಿ ಕೈಹಿಡಿದು ಕರೆತರುತ್ತಿತ್ತು.

"ಹೂಂ" ಅಂದಳು.

"ಏಲಕ್ಕಿ ಹಾಕಿದೀರಿ, ಅಲ್ವಾ?"

"ಹೂಂ. ಸ್ವಲ್ಪ."

"ನಿಮ್ಮ ಕೈಯೇ ಕೈ ಬಿಡಿ." ಅಷ್ಟರಲ್ಲಿ ಮೇಲಿಂದ ಟಿಂಗ್ ಎಂದಿತು. ಮೇಷ್ಟ್ರು ತಲೆಯೆತ್ತಿದರು. "ಶ್ರುತಿ ಶುದ್ಧವಾಗಿದೆ" ಎಂದು ನಕ್ಕು ಹೊರಟುಹೋದರು. ಆ ನಗುವಿನಲ್ಲಿ ಏನಿತ್ತೆಂದು ಅವಳು ಬೀದಿಯ ತಿರುವಿನವರೆಗೂ ಯೋಚಿಸಿದಳು. ಅವರಿಗೆ ಗೊತ್ತಾಯಿತೇ? ಏಲಕ್ಕಿಯ ಶಹಬ್ಬಾಸ್‌ಗಿರಿಯನ್ನು ಕದ್ದು ಚೀಲಕ್ಕೆ ಹಾಕಿಕೊಂಡವಳ ಹಾಗೆ ಚೀಲವನ್ನು ಮೈಗೊತ್ತಿ ಹಿಡಿದಿದ್ದಳು. ಇಡೀ ಜೀವಮಾನದಲ್ಲಿ ಪರೀಕ್ಷೆಯಲ್ಲಿ ನಕಲು ಮಾಡಿದ ಎಷ್ಟೋ ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿದ್ದಳು. ಅವರೆಲ್ಲ ಹೀಗೇ ಕೈಯನ್ನು ಮೈಗೊತ್ತಿ ನಿಲ್ಲುತ್ತಿದ್ದರು. ಕಿರಾಣಿಯವನು ದಾಲ್ಚಿನ್ನಿಯ ಎರಡು ಡಬ್ಬಿಗಳನ್ನು ಮುಂದಿಟ್ಟು, "ನೀವೇ ಮೂಸಿ ಹೇಳಿ, ನಿಮ್ಮ ಮೂಗಿಗೆ ಮೋಸ ಮಾಡೋಕಾಗುತ್ತಾ?" ಅಂದ. ಅವಳು ಮೂಸಿದಳು. ಎರಡೂ ಮರದ ಚಕ್ಕೆ. ಒಂದನ್ನು ಮೂಸುವಾಗ ಅವನ ಹುಬ್ಬು ಒಂದು ಎಳೆ ಮೇಲೇರಿದ್ದನ್ನು ಗಮನಿಸಿ, "ಇದು ಹಳೇದು" ಅಂದಳು. ಅವನು ಮೂಗಿನ ಮೇಲೆ ಬೆರಳಿಟ್ಟುಕೊಂಡ. ಗೆದ್ದೆನೆಂದು ಒಂದು ಗಳಿಗೆ ಅನ್ನಿಸಿತು. ಇನ್ನೆಷ್ಟು ಜನರ ಹುಬ್ಬು ನೋಡುತ್ತ ಬದುಕಬೇಕು?

ಎಲೆ ಉದುರಿನ ಹಬ್ಬವೂ ಹೀಗೇ ಕದ್ದದ್ದು. ಬನ್ನುಗಳನ್ನು ಒಳಗಿಟ್ಟ ಮೇಲೆ ಮನೆಯ ಪದ್ಧತಿಯಂತೆ ಗೋಡೆಯ ಗಡಿಯಾರವನ್ನು ಬೆನ್ನು ಮಾಡಿ ತೂಗುಹಾಕಬೇಕು, ದೀಪ ಆರಿಸಬೇಕು, ಎಲ್ಲರೂ ಒಲೆಯ ಮುಂದೆ ನೆಲದ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಮೊದಲು ಹಾಲಿನ ವಾಸನೆ, ಆಮೇಲೆ ಬೆಣ್ಣೆ, ಆಮೇಲೆ ದಾಲ್ಚಿನ್ನಿ. ಕೊನೆಗೆ, ಎಲ್ಲ ಸೇರಿ ಒಂದೇ ಆದಾಗ, ಕಂದು ವಾಸನೆ. ಅದಕ್ಕೆ ಬೇರೆ ಹೆಸರಿಲ್ಲ, ಅವಳಿಟ್ಟದ್ದೇ ಹೆಸರು. ಅದು ಬಂದಾಗ ಅವಳು "ಆಯ್ತು" ಅನ್ನಬೇಕು. ಒಂದು ಉಸಿರು ಮುಂಚೆ ಅಂದರೆ ಹಸಿ, ಒಂದು ಉಸಿರು ತಡವಾದರೆ ಕಹಿ. ಎಲೆ ಉದುರಿನ ಆ ದಿನವೂ ಮೂಗು ಸತ್ತೇ ಇತ್ತು. ಅವಳು ರೆಪ್ಪೆ ಸಂದಿಯಿಂದ ಮೊಮ್ಮಗಳ ಮುಖವನ್ನೇ ನೋಡುತ್ತ ಕೂತಳು. ಸಕ್ಕರೆ ಡಬ್ಬಿ ಎಲ್ಲಿಟ್ಟರೂ ಹುಡುಕಿ ಬರುವ ಆ ಪುಟ್ಟಿಗೆ ಇರುವೆ ಎಂದು ಹೆಸರು. ಓವನ್ನಿನ ಕೆಂಪು ಬೆಳಕಿನಲ್ಲಿ ಆ ಮಗುವಿನ ಮೂಗಿನ ಹೊಳ್ಳೆಗಳು ಅರಳಿದವು, ತುಟಿ ಸಣ್ಣಗೆ ಬಿರಿಯಿತು, ಆಮೇಲೆ ಬಾಯಿ ಪೂರ್ತಿ ತೆರೆದುಕೊಂಡಿತು. "ಆಯ್ತು!" ಅಂದಳು ಅಜ್ಜಿ. ಬನ್ನುಗಳು ಚಿನ್ನದಂತೆ ಬೆಂದಿದ್ದವು. ಇವತ್ತೂ ಹಾಗೇ ಮಾಡಬಹುದು. ಇರುವೆ ಎದುರಿಗೆ ಕೂತರೆ ಸಾಕು. ಇವತ್ತೊಂದು ದಿನ "ಆಯ್ತು" ಎಂಬ ಮಾತು ತನ್ನ ಬಾಯಿಂದಲೇ, ಸರಿಯಾದ ಹೊತ್ತಿಗೆ ಬಂದರೆ, ಬೆಳಿಗ್ಗೆ ಕಳೆದದ್ದು ಸಂಜೆ ವಾಪಸು ಬರುತ್ತದೆ. ಬರದಿದ್ದರೆ ಮುಂದಿನ ಸಲ ಮೊದಲ ಮಳೆಯೂ ಮೇಲಿನ ಮನೆಯಲ್ಲೇ ಸುರಿಯುತ್ತದೆ.

ಮಧ್ಯಾಹ್ನ ಮಕ್ಕಳು ಬಂದವು. ಹಿಂದೆಯೇ, ಒಂದೊಂದೇ ಮೆಟ್ಟಿಲು ಇಳಿಯುತ್ತ, ಹಲ್ಲಜ್ಜಿಯೂ ಬಂದಳು. "ನನ್ನನ್ನೂ ಸೇರಿಸಿಕೊಳ್ತೀರಾ? ಮಕ್ಕಳು ಎಳ್ಕೊಂಡು ಬಂದ್ವು. ನಿಮ್ಮ ಕಣ್ಣುಮುಚ್ಚಿ ಬೇಯಿಸೋ ವಿದ್ಯೆ ನೋಡಲೇಬೇಕಂತೆ ನಾನು."

"ಅಯ್ಯೋ, ಬನ್ನಿ ಬನ್ನಿ. ನಿಮ್ಮಂಥ ಗಂಟೆ ಒಲೆ ಅಲ್ಲ ನಮ್ಮದು, ಬಡವರ ಒಲೆ."

"ಆ ಗಂಟೆ ನಂಬಿಕೊಂಡು ನನ್ನ ಕೇಕು ಎಷ್ಟು ಸಲ ಕೂತುಬಿಟ್ಟಿದೆ ಗೊತ್ತಾ? ಮುದುಕಪ್ಪನ್ನೇ ಕೇಳಿ."

"ಎದ್ದಿದ್ದೇ ಕಮ್ಮಿ" ಎಂದ ಮುದುಕಪ್ಪ, ಕೈ ಹಿಂದೆ ಕಟ್ಟಿಕೊಂಡು.

ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಕಣ್ಣು ಇರುವೆಯ ಜಡೆಯ ಮೇಲಿತ್ತು. ಎರಡು ಜಡೆ, ಅಂದವಾಗಿ, ಬಿಗಿಯಾಗಿ, ಬೈತಲೆ ನೂಲು ಹಿಡಿದು ಎಳೆದ ಹಾಗೆ ನೇರ. ತಾನು ಹಾಕುವ ಜಡೆ ಸಂಜೆಯೊಳಗೆ ಬಿಚ್ಚಿಹೋಗುತ್ತಿತ್ತು. ಅವಳು ಬಗ್ಗಿ ಮಗುವಿನ ನೆತ್ತಿಗೆ ಮುತ್ತಿಟ್ಟಳು. ಏನೂ ಇಲ್ಲ. ಫೋಟೋಗೆ ಮುತ್ತಿಟ್ಟ ಹಾಗೆ, ಗಾಜಿನ ತಂಪು. ಈ ನೆತ್ತಿಗೆ ಬಿಸಿಲಿನ, ಪೆನ್ಸಿಲ್ ಪುಡಿಯ, ಹುಳಿ ಮೊಸರಿನ ವಾಸನೆ ಇರುತ್ತಿತ್ತು. ಈಗಲೂ ಇರಬೇಕು. ಎದುರಿಗೆ ಸ್ಟೂಲಿನ ಮೇಲೆ ಕೂತ ಹಲ್ಲಜ್ಜಿ ಇರುವೆಯನ್ನು ಹತ್ತಿರಕ್ಕೆಳೆದು ಸಲೀಸಾಗಿ ಅದೇ ನೆತ್ತಿಗೆ ಮೂಗಿಟ್ಟಳು, ಒಂದು ದೀರ್ಘ ಉಸಿರೆಳೆದುಕೊಂಡಳು. ಅದನ್ನು ನೋಡಿ ಅವಳಿಗೆ ಹೊಟ್ಟೆಯೊಳಗೆ ನಿಜವಾಗಿಯೂ ಬೆಂಕಿ ಬಿದ್ದ ಹಾಗಾಯಿತು. ಕೇಕು ಮಾಡಲಿ, ಜಡೆ ಹಾಕಲಿ, ಚಳಿ ಬಂತೆಂದು ಊರಿಗೆಲ್ಲ ಸಾರಲಿ. ಆದರೆ ಆ ಉಸಿರು? ಅಷ್ಟು ದುಂದಾಗಿ, ಬೆಲೆಯೇ ಗೊತ್ತಿಲ್ಲದ ಹಾಗೆ, ತನ್ನೆದುರಿಗೇ ಎಳೆದುಕೊಂಡುಬಿಟ್ಟಳಲ್ಲ. ಮಂಡಿಯ ಬದಲು ಮೂಗಿಗೆ ಬಂದಿದ್ದರೆ ಇವಳಿಗೆ? ಎಂದು ಒಂದು ಯೋಚನೆ ಹಾದುಹೋಯಿತು. ಹಾದುಹೋದ ಮೇಲೆ ಅದನ್ನು ಯೋಚಿಸಿದ್ದು ತಾನಲ್ಲವೆಂಬಂತೆ ಹಿಟ್ಟಿನ ಡಬ್ಬಿಗೆ ಕೈಹಾಕಿದಳು.

ಹಿಟ್ಟು ಜರಡಿಯಾಗುತ್ತಿತ್ತು. ಮುದುಕಪ್ಪ ಉಪ್ಪು ಅಳೆದ. ಮೇಜಿನ ಮೇಲೆ ಹಾಲಿನ ಪಾತ್ರೆಯಿತ್ತು. ಹಲ್ಲಜ್ಜಿ ಅದನ್ನು ಅವಳತ್ತ ದಾಟಿಸಲು ಎತ್ತಿಕೊಂಡಳು, ಅರೆಗಳಿಗೆ ನಿಂತಳು, ಆಮೇಲೆ ಸಿಂಕಿನ ಕಡೆ ತಿರುಗಿದಳು. ಧೊಪ್ಪೆಂದು ಹಾಲೆಲ್ಲ ಸಿಂಕಿಗೆ ಹೋಯಿತು.

"ಅಯ್ಯಯ್ಯೋ! ಕೈ ಜಾರಿಬಿಡ್ತು ನೋಡಿ. ಮುದುಕಪ್ಪ, ಓಡಿಹೋಗಿ ಮೇಲಿಂದ ಹಾಲು ತಗೊಂಡು ಬಾ ಕಂದ."

"ಜಾರಲಿಲ್ಲ" ಎಂದ ಮುದುಕಪ್ಪ. "ನೀವೇ ಚೆಲ್ಲಿದ್ರಿ. ನಾನು ನೋಡಿದೆ."

"ನಿನ್ನ ಕಣ್ಣಿಗೊಂದು ಕನ್ನಡಕ ಬೇಕು ಕಣೋ, ನಿಮ್ಮಪ್ಪನ ಅಂಗಡಿಯಿಂದ. ಓಡು."

ಅವಳೂ ನೋಡಿದ್ದಳು. ಜೀವಮಾನವೆಲ್ಲ ಜನರ ಬಾಯೊಳಗೆ ಸೂಜಿಮೊನೆ ಆಡಿಸಿದ ಕೈ ಅದು, ಪಾತ್ರೆ ಜಾರಿಸುವ ಕೈಯಲ್ಲ. ಬೇಕೆಂದೇ ಚೆಲ್ಲಿದ್ದು. ತನ್ನ ಮನೆಯ ಹಾಲು ಆಕೆಯ ಮೊಮ್ಮಕ್ಕಳಿಗೆ ಸಾಲದು, ಹಾಲಾದರೂ ಮೇಲಿನದಾಗಬೇಕು. ನಾಳೆ ಬೆಣ್ಣೆ, ನಾಡಿದ್ದು ಹಿಟ್ಟು. "ಪರವಾಗಿಲ್ಲ ಬಿಡಿ" ಎಂದು ಅವಳು ನಕ್ಕಳು. ಸಿಟ್ಟು ಮೂಗಿನ ತುದಿಯಲ್ಲಿ ಬಂದು ನಿಂತಿತು. ಆ ಮೂಗು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಮೇಲಿನ ಹಾಲಿನಲ್ಲಿ ಹಿಟ್ಟು ಕಲಸಿದಳು. ಅದು ಬೆರಳಿಗೆ ಎಂದಿನಷ್ಟೇ ಮೃದುವಾಗಿತ್ತು. ಮಕ್ಕಳು ಪ್ರಾಣಿಗಳನ್ನು ಮಾಡಿದವು. ಮುದುಕಪ್ಪನ ನಾಯಿ ಪ್ರತಿ ಸಲದಂತೆ ಒಲೆಯಲ್ಲಿ ಉಬ್ಬಿ ಆನೆಯಾಗಲು ಸಿದ್ಧವಾಗಿ ಮಲಗಿತು. ಇರುವೆ ಇರುವೆಯನ್ನೇ ಮಾಡಿದಳು, ಕಾಲುಗಳು ಮುರಿದುಬಿದ್ದವು. "ಕಾಲು ನಾನು ಅಂಟಿಸಲಾ?" ಎಂದು ಅವಳು ಕೈ ಚಾಚುವಷ್ಟರಲ್ಲಿ, ಹಲ್ಲಜ್ಜಿ ಒಂದು ಕಡ್ಡಿಯ ತುದಿಯಿಂದ ಅವನ್ನೆಲ್ಲ ಅಂಟಿಸಿ ಆಗಿತ್ತು.

ಗಡಿಯಾರವನ್ನು ಗೋಡೆಗೆ ಮುಖ ಮಾಡಿ ಹಾಕಿದರು. ದೀಪ ಆರಿತು. ಹೊರಗೆ ಸಂಜೆ ಬೇಗ ಕವಿದಿತ್ತು, ಓವನ್ನಿನ ಕೆಂಪು ಬೆಳಕೊಂದೇ ನೆಲದ ಮೇಲೆ ಹರಡಿತ್ತು. ಅವಳು ಇರುವೆಗೆಂದು ತನ್ನೆದುರಿಗೆ ಮಣೆ ಹಾಕಿದ್ದಳು. ಇರುವೆ ಮಣೆಯನ್ನು ದಾಟಿಹೋಗಿ ಹಲ್ಲಜ್ಜಿಯ ಸ್ಟೂಲು ಹತ್ತಿ, ಆಕೆಯ ಒಳ್ಳೆಯ ಮಂಡಿಯ ಕಡೆ, ಮಡಿಲಲ್ಲಿ ಕೂತಳು. ಆಕೆಯ ಶಾಲಿನ ಒಂದು ತುದಿ ಎಳೆದು ಹೊದ್ದುಕೊಂಡಳು. ಮುಖ ಇತ್ತ ಕಡೆಗೇ ಇತ್ತು, ನೋಡಬಹುದಿತ್ತು. ಅವಳು ರೆಪ್ಪೆ ಸಂದಿಯಿಂದ ನೋಡಿದಳು. ಕಂಡದ್ದು ಮಗುವಿನ ಮುಖವಲ್ಲ, ಮಗುವಿನ ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟ ಆ ಎರಡು ಕೈಗಳು, ಮಗುವಿನ ನೆತ್ತಿಗೆ ಊರಿದ ಆ ಗದ್ದ. ಎಷ್ಟು ಸರಿಯಾಗಿ ಕೂತಿವೆ, ಅಳತೆ ಕೊಟ್ಟು ಮಾಡಿಸಿದ ಹಾಗೆ. ನೋಡಲಾಗಲಿಲ್ಲ. ಕಣ್ಣು ಮುಚ್ಚಿದಳು. ಈ ಸಲ ಆಟಕ್ಕಲ್ಲ, ನಿಜವಾಗಿಯೇ, ರೆಪ್ಪೆಗಳು ನೋಯುವಷ್ಟು ಬಿಗಿಯಾಗಿ.

"ಹಾಲು" ಎಂದ ಮುದುಕಪ್ಪ ಕತ್ತಲಲ್ಲಿ.

"ಹೂಂ, ಹಾಲು" ಅಂದಳು ಅವಳು.

ಚಿಕ್ಕಂದಿನಲ್ಲಿ ಅವಳು ಅಪ್ಪನ ಪಕ್ಕ ಮಲಗುತ್ತಿದ್ದಳು. ಅಂಗಿಯ ತೋಳು ಮೂಗಿಗೆ ತಾಗುತ್ತಿತ್ತು. ಒಂದು ದಿನ ಅಲ್ಲಿ ತಂಗಿ ಬಂದು ಮಲಗಿದಳು. ಇನ್ನೂ ಮಾತು ಬಾರದ ಮಗು, ಏನು ತಿಳಿದೀತು ಅದಕ್ಕೆ, ಆದರೂ ತೋಳಿಗೆ ಮುಖವೊತ್ತಿ ನಿದ್ದೆಹೋಗಿತ್ತು. ಇವಳು ಮಂಚದ ಕಾಲ ಬಳಿ ನಿಂತು ಅಪ್ಪ ಕಣ್ಣು ತೆರೆಯಲಿ ಎಂದು ಕಾದಳು. ಅಪ್ಪ ತೆರೆಯಲಿಲ್ಲ, ಬಹಳ ದಣಿದಿದ್ದ. ಆ ತಂಗಿಗೆ ಈಗ ಮೊಮ್ಮಕ್ಕಳಿವೆ, ಫೋನು ಮಾಡಿದಾಗಲೆಲ್ಲ ಅಕ್ಕಾ ಊಟ ಆಯ್ತಾ ಅಂತ ಕೇಳುತ್ತಾಳೆ. ಆದರೂ ಆ ತೋಳು...

"ದಾಲ್ಚಿನ್ನಿ ಬಂತು."

"ಹೂಂ."

ಓವನ್ನು ಗುಂಯ್ ಎನ್ನುತ್ತಿತ್ತು. ಯಾರೋ ಉಸಿರೆಳೆದುಕೊಂಡರು. ಇರುವೆಯ ಪಿಸುಮಾತು ಕೇಳಿತು, ಅವಳ ಕಡೆಗಲ್ಲ, ಶಾಲಿನೊಳಕ್ಕೆ: "ಕಂದು ಬಂತು, ಅಲ್ವಾ?" ಹಲ್ಲಜ್ಜಿ ಮೆಲ್ಲಗೆ, "ನನಗೂ ಹಾಗೇ ಅನ್ಸುತ್ತಪ್ಪ. ಆಯ್ತೇನೋ" ಅಂದಳು.

ಆಯ್ತು. ಆ ಮಾತು. ಅದನ್ನೂ ಆಡಿಬಿಟ್ಟಳು.

"ಇನ್ನೂ ಇಲ್ಲ" ಅಂದಳು ಅವಳು. ತನ್ನ ದನಿ ತರಗತಿಯ ಹಿಂದಿನ ಬೆಂಚಿನವರೆಗೆ ಹೋಗುವ ಹಳೆಯ ದನಿಯಾಗಿತ್ತು. "ಯಾರೂ ಏಳಬೇಡಿ. ಈ ಒಲೆ ನನಗೆ ಗೊತ್ತು."

ಯಾರೂ ಏಳಲಿಲ್ಲ. ಆಕೆಯದು ಸರಿಯೆಂದು ಅವಳಿಗೆ ತಿಳಿದಿತ್ತು. ತಿಳಿದೇ ಕೂತಿದ್ದಳು. ಈಗ ಎದ್ದರೆ ಆಕೆಯ ಮಾತಿಗೆ ಎದ್ದ ಹಾಗೆ. ಇನ್ನೊಂದು ಉಸಿರು, ಇನ್ನೊಂದೇ ಉಸಿರು ಕಳೆದು, ತನ್ನ ಬಾಯಿಂದ ಬಂದರೆ ಸಾಕು. ಎಷ್ಟು ಉಸಿರು ಕಳೆಯಿತೋ. ಮುದುಕಪ್ಪ ಕೆಮ್ಮಿದ. ಇರುವೆ ಕೆಮ್ಮಿದಳು. ಕಣ್ಣು ತೆರೆದಾಗ ಓವನ್ನಿನ ಬಾಗಿಲ ಸಂದಿಯಿಂದ ಹೊಗೆ ನೂಲಿನಂತೆ ಏಳುತ್ತಿತ್ತು, ಅವಳ ಕಣ್ಣು ಉರಿಯಿತು, ಬೆಳಿಗ್ಗೆ ಬೆಂಕಿಕಡ್ಡಿಗೆ ಉರಿದ ಹಾಗೆ.

ದೀಪ ಹಾಕಿ ತಟ್ಟೆಯನ್ನು ಹೊರಗೆಳೆದರು. ನಾಯಿ ಆನೆಯಾಗಿತ್ತು, ಕಪ್ಪಾನೆ. ಇರುವೆಯ ಇರುವೆ ನಿಜವಾದ ಇರುವೆಯ ಬಣ್ಣಕ್ಕೆ ತಿರುಗಿತ್ತು. ಯಾರೂ ನಗಲಿಲ್ಲ. ಹಲ್ಲಜ್ಜಿ ಕಿಟಕಿಗಳನ್ನು ತೆಗೆಯುತ್ತ, "ನನ್ನದೇ ತಪ್ಪು. ಮಧ್ಯ ಬಾಯಿ ಹಾಕಿ ನಿಮ್ಮ ಗಮನ ಕೆಡಿಸಿಬಿಟ್ಟೆ" ಅಂದಳು.

"ಇಲ್ಲ" ಎಂದ ಮುದುಕಪ್ಪ. "ನೀವು ಆಯ್ತು ಅಂದಾಗ ಆಗಿತ್ತು. ನನಗೂ ಬಂತು ವಾಸನೆ. ಒಲೆ ಅಜ್ಜಿನೇ ಬೇಡ ಅಂದಿದ್ದು."

"ಸುಮ್ನಿರು ಕಂದ."

"ನಿಜ ಹೇಳಿದ್ರೆ ಯಾಕೆ ಸುಮ್ನಿರಬೇಕು?"

"ಅವನ್ಯಾಕೆ ಸುಮ್ನಿರಬೇಕು, ಹೇಳಲಿ" ಅಂದಳು ಅವಳು. ಬಿಸಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ಒಲೆಗೆ ಗಂಟೆ ಇದೆಯಲ್ಲ, ಇನ್ನು ಮೇಲೆ ಅಲ್ಲೇ ಮಾಡಿಕೊಳ್ಳಿ. ಚಳಿ ಬಂದಿದ್ದೂ ಅಲ್ಲೇ, ಹಾಲು ಬಂದಿದ್ದೂ ಅಲ್ಲಿಂದ್ಲೇ. ಮಕ್ಕಳನ್ನೂ ಅಲ್ಲೇ ಇಟ್ಟುಕೊಳ್ಳಿ."

ಹಲ್ಲಜ್ಜಿ ಅವಳ ಮುಖವನ್ನು ನೋಡಿದಳು. ಬಾಯಿ ತೆರೆಸಿ, ನೋವು ಎಲ್ಲಿದೆಯೆಂದು ಕೇಳುವ ಮೊದಲೇ ನೋಡುವ ನೋಟ. ಆಮೇಲೆ ಮುದುಕಪ್ಪನ ಹೆಗಲು ಹಿಡಿದು ಬಾಗಿಲ ಕಡೆ ನಡೆದಳು. ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಏರುವುದು ಕೇಳಿಸಿತು.

ಇರುವೆ ಹೋಗಿರಲಿಲ್ಲ. ಮಣೆಯ ಮೇಲೆ, ಮೊದಲೇ ಕೂರಬೇಕಾಗಿದ್ದ ಜಾಗದಲ್ಲಿ, ಈಗ ಬಂದು ಕೂತಿದ್ದಳು.

"ಇವತ್ತು ನೀನು ನನ್ನ ಮುಖ ನೋಡಲೇ ಇಲ್ಲ" ಅಂದಳು.

"ಏನೇ?"

"ಎಲೆ ಹಬ್ಬದ ದಿನ ಕಳ್ಳಗಣ್ಣಲ್ಲಿ ನೋಡ್ತಿದ್ದೆಯಲ್ಲ. ನಾನೂ ಕಳ್ಳಗಣ್ಣಲ್ಲಿ ನೋಡ್ದೆ. ಅದಕ್ಕೇ ಕಂದು ಬಂದಾಗ ಬಾಯಿ ಇಷ್ಟು ದೊಡ್ಡದು ಮಾಡ್ದೆ. ಇವತ್ತೂ ಮಾಡ್ದೆ. ನೀನು ನೋಡ್ಲಿಲ್ಲ." ಆಮೇಲೆ ಬಾಗಿಲ ಕಡೆ ನೋಡಿ, ಅವಳ ಕಿವಿಯ ಹತ್ತಿರ ಬಂದು: "ನಾನು ಯಾರಿಗೂ ಹೇಳಿಲ್ಲ. ಆಟದಲ್ಲಿ ಮೋಸ ಮಾಡಿದ್ರೆ ಅಣ್ಣ ಔಟ್ ಅಂತಾನೆ. ನೀನು ಔಟಾದ್ರೆ ಯಾರು ಮಾಡ್ತಾರೆ?"

ಅವಳು ಮಗುವಿನ ನೆತ್ತಿಗೆ ಮುಖವಿಟ್ಟಳು. ವಾಸನೆ ಬರಲಿಲ್ಲ; ಬೈತಲೆಯ ಜಾಗದಲ್ಲಿ ಚರ್ಮ ಬೆಚ್ಚಗಿತ್ತು, ಒಳಗೆಲ್ಲೋ ಸಣ್ಣಗೆ ಮಿಡಿಯುತ್ತಿತ್ತು. ಇದು ಇಷ್ಟು ದಿನ ತಿಳಿದಿರಲಿಲ್ಲ. ಮೇಲಿಂದ ಮುದುಕಪ್ಪ ಕೂಗಿದ, ಇರುವೆ ಓಡಿದಳು, ಸುಟ್ಟ ಇರುವೆಯನ್ನು ಕೈಯಲ್ಲಿ ಹಿಡಿದುಕೊಂಡೇ.

ತಟ್ಟೆ ತೊಳೆಯಲು ಸಿಂಕಿಗೆ ಹೋದಳು. ನೀರು ನಿಂತಿತು, ಇಳಿಯಲಿಲ್ಲ. ಜಾಲರಿಗೆ ಬೆರಳು ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಬೆಳಕಿಗೆ ಹಿಡಿದಳು. ಬಿಳಿ, ಸಣ್ಣ ಸಣ್ಣ ಗಂಟು. ಒಡೆದ ಹಾಲು. ಮಧ್ಯಾಹ್ನದ್ದು. ಅದು ಯಾವಾಗ ಕೆಟ್ಟಿತ್ತೋ, ಬೆಳಿಗ್ಗೆಯೋ ನಿನ್ನೆಯೋ. ಅವಳು ಅದನ್ನು ಮುಚ್ಚಳ ತೆಗೆದು, ಹಳೆಯ ಅಭ್ಯಾಸಕ್ಕೆ ಮುಖದ ಹತ್ತಿರ ಹಿಡಿದು, ಕೆನೆ ಕಟ್ಟಿದ್ದನ್ನು ನೋಡಿ ಚೆನ್ನಾಗಿದೆ ಎಂದುಕೊಂಡು ಮಕ್ಕಳಿಗೆಂದು ಮೇಜಿನ ಮೇಲಿಟ್ಟಿದ್ದಳು. ಆಕೆ ಪಾತ್ರೆ ಎತ್ತಿ ಅರೆಗಳಿಗೆ ನಿಂತದ್ದು ನೆನಪಾಯಿತು. ಆ ಅರೆಗಳಿಗೆಯಲ್ಲಿ ಹಾಲಿನ ವಿಷಯ ತಿಳಿಯಿತು. ಪಕ್ಕದಲ್ಲಿ ನಿಂತು ಏನೂ ತಿಳಿಯದೆ ನಗುತ್ತಿದ್ದ ತನ್ನ ವಿಷಯವೂ ತಿಳಿದಿರಬೇಕು. ಹಾಗಾದರೆ ಕತ್ತಲಲ್ಲಿ "ಆಯ್ತೇನೋ" ಅಂದದ್ದು? ಅಷ್ಟು ಮೆಲ್ಲಗೆ, ಕೊನೆಯಲ್ಲಿ ಒಂದು "ಏನೋ" ಸೇರಿಸಿ? ಅದು ಕಸಿದದ್ದಲ್ಲ, ತನಗೆ ಮಾತು ಎತ್ತಿಕೊಡಲು ಬಂದದ್ದು. ಅವಳು ಬೆರಳನ್ನು ನೀರಿಗೆ ಹಿಡಿದಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಚಿಕೆಯಾಯಿತು, ನಾಚಿಕೆಯ ಅಡಿಯಲ್ಲಿ ಹೊಟ್ಟೆಕಿಚ್ಚು ಬೂದಿ ಮುಚ್ಚಿಕೊಂಡು ಹಾಗೇ ಇತ್ತು. ಒಳ್ಳೆಯವಳಾಗುವುದರಲ್ಲೂ ಆಕೆಯೇ ಮುಂದಾದಳಲ್ಲ. ತಾನು ಕೆಟ್ಟವಳಾಗಿ ನಿಂತು, ಆಕೆಯ ಒಳ್ಳೆಯತನಕ್ಕೆ ಮಣೆ ಹಾಕಿಕೊಟ್ಟ ಹಾಗಾಯಿತಲ್ಲ. ಮಗನಿಗೆ ಈಗ ಹೇಳುತ್ತಾಳೆ. ಹೇಳಲೇಬೇಕು, ಡಾಕ್ಟರಲ್ಲವೇ. ನಾಳೆ ಗ್ಯಾಸಿನವನು ಬರುತ್ತಾನೆ.

ಅವಳು ದೀಪ ಆರಿಸಿ ಓವನ್ನಿನ ಮುಂದೆ ನೆಲದ ಮೇಲೆ ಕೂತಳು. ಒಲೆ ಇನ್ನೂ ಬೆಚ್ಚಗಿತ್ತು. ಮೇಲಿನ ಮನೆಯ ಸದ್ದುಗಳು ಇಳಿದು ಬರುತ್ತಿದ್ದವು. ಮಗ, ಸೊಸೆ ಕೆಲಸದಿಂದ ಬಂದ ಬಾಗಿಲ ಸದ್ದು. ಕುರ್ಚಿ ಎಳೆದದ್ದು. ಮುದುಕಪ್ಪನ ದನಿ ಏನನ್ನೋ ಹೇಳಲು ಶುರುಮಾಡಿತು. ಹಲ್ಲಜ್ಜಿಯ ದನಿ ನಡುವೆ ಬಂದು, ಏನೋ ತಮಾಷೆ ಇರಬೇಕು, ಎಲ್ಲರೂ ನಕ್ಕರು. ಅವಳು ಕಿವಿಗೊಟ್ಟಳು. ಮಗನ ಹ್ಹೆ ಹ್ಹೆ, ಅವನು ಸಣ್ಣವನಿದ್ದಾಗಿನ ಹಾಗೇ. "ಅಮ್ಮ" ಎಂದು ಗಾಬರಿಯಿಂದ ಮೆಟ್ಟಿಲಿಳಿಯುವ ಸದ್ದಿಗೆ ಕಾದಳು. ಯಾರೂ ಇಳಿಯಲಿಲ್ಲ. ಪಾತ್ರೆ ಸದ್ದು, ಎಣ್ಣೆ ಚುರ್ರೆಂದದ್ದು, ಚಾಕು ಹಲಗೆಗೆ ತಾಗುವ ಟಕಟಕ. ಟಿಂಗ್ ಮಾತ್ರ ಕೇಳಲಿಲ್ಲ. ಆಕೆ ಇವತ್ತು ಇಲ್ಲಿನ ಗಡಿಯಾರದ ಹಾಗೆ ಗಂಟೆಯನ್ನೂ ಬೆನ್ನು ಮಾಡಿ ಇಟ್ಟಿದ್ದಾಳೆಯೇ, ಅಥವಾ ತನಗೆ ಕೇಳಬಾರದೆಂದು ಆರಿಸಿದ್ದಾಳೆಯೇ ಎಂದು ಯೋಚಿಸಿದಳು. ಎರಡೂ ಒಂದೇ ಎಂದು ಆಮೇಲೆ ಹೊಳೆಯಿತು.

ಹೆಜ್ಜೆಗಳು ಇಳಿದು ಬಂದವು. ಒಂದು ಮೆಟ್ಟಿಲು, ನಿಲುಗಡೆ, ಇನ್ನೊಂದು ಮೆಟ್ಟಿಲು. ಮಂಡಿ ನೋಯುವವರು ಏನನ್ನೋ ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲ ಕಂಬಿ ಹಿಡಿಯದೆ ಇಳಿಯುವ ಹೆಜ್ಜೆ. ಅವಳು ಎದ್ದು, ಬಾಗಿಲು ಬಡಿಯುವ ಮುಂಚೆಯೇ ತೆಗೆದಳು.

ಹಲ್ಲಜ್ಜಿ ಒಳಗೆ ಬರಲಿಲ್ಲ. ಕೈಯಲ್ಲಿ ದೊಡ್ಡ ತಟ್ಟೆಯಿತ್ತು, ಮೇಲೊಂದು ತಟ್ಟೆ ಬೋರಲು ಹಾಕಿತ್ತು. ಮೆಟ್ಟಿಲ ದೀಪದಲ್ಲಿ ಆಕೆ ಮೇಲಿನ ತಟ್ಟೆ ಎತ್ತಿದಳು. ಹೊಗೆಯಾಡುವ ಸೂಪಿನ ಬಟ್ಟಲು. ಸಿಪ್ಪೆ ಗರಿಗರಿಯಾಗುವಂತೆ ಹುರಿದ ಆಲೂಗಡ್ಡೆ. ತಣ್ಣಗಿನ ಸೌತೆಕಾಯಿ ಹೋಳು. ಅರ್ಧ ನಿಂಬೆಹಣ್ಣು, ಕಲ್ಲುಪ್ಪು, ಜಜ್ಜಿದ ಕಾಳುಮೆಣಸು ಬೇರೆಯಾಗಿ. ಹಲ್ಲಿಗೆ ಸಿಗುವುದು, ನಾಲಿಗೆಗೆ ಚುಚ್ಚುವುದು, ಬಿಸಿ, ತಂಪು, ಹುಳಿ, ಖಾರ. ದಾಲ್ಚಿನ್ನಿಯಿಲ್ಲ, ಏಲಕ್ಕಿಯಿಲ್ಲ. ಮೂಗಿಗೆಂದು ಇಟ್ಟದ್ದು ಆ ತಟ್ಟೆಯಲ್ಲಿ ಒಂದೂ ಇರಲಿಲ್ಲ.

ಅವಳ ಬಾಯಲ್ಲಿ, ಎಷ್ಟೋ ದಿನದ ಮೇಲೆ, ನೀರೂರಿತು. ಇದನ್ನೂ ಇವಳೇ, ಎಂಬ ಮಾತು ಒಳಗೆ ಅರ್ಧಕ್ಕೆ ಬಂದು ನಿಂತಿತು.

ಹಲ್ಲಜ್ಜಿ ತಟ್ಟೆಯನ್ನು ಮುಂದೆ ಹಿಡಿದಳು. ಅದು ಭಾರವಾಗಿತ್ತು. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು.